ಕುಸಿದ ಮೂಗಿಗೆ ಆಸರೆ

ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡವರುಂಟೆ ಎಂದು ನಮ್ಮ ಜನ ಕೇಳುವುದುಂಟು. ಉಸಿರಾಟದ ತೊಂದರೆಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬಳಿಕ ಮೂಗಿನ ಆಕಾರವೇ ಕೆಟ್ಟುದನ್ನು ಕನ್ನಡಿಯಲ್ಲಿ ಕಂಡವರಿಗೆ ಈ ಮಾತು ಅಣಕದಂತೆ ಕೇಳಿಸೀತು. ಅಂಥವರು ಅದನ್ನು ಸರಿಪಡಿಸಿಕೊಳ್ಳಬಯಸಿದರೆ, ಬರಿಯ ಅಲಂಕಾರದ ಚಪಲವೆಂದು ಮೂಗುಮುರಿಯುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆಯುಂಟು. ಅದರ ಮುಂಭಾಗ ಮೃದ್ವಸ್ಥಿಯಿಂದಾದುದು. ಮನೆಯ ಮಾಡನ್ನು ಕಂಬವು ಹೊರುವಂತೆ ಮೂಗಿನ ಬೆನ್ನಿನ ಕೆಳಭಾಗವನ್ನು ಇದು ಹೊತ್ತಿರುತ್ತದೆ. ಈ ಗೋಡೆ ಡೊಂಕಾಗಿ ಉಸಿರಿಗೆ ತಡೆಯಾದಾಗ, ಒಳಪೊರೆಯನ್ನು ಬಿಡಿಸಿ ಡೊಂಕು ಭಾಗವನ್ನು ತೆಗೆಯುವ ಕ್ರಮವನ್ನು ೧೯೦೨ರಲ್ಲಿ ಅಮೆರಿಕದ ಫ್ರೀರ್, ೧೯೦೪ರಲ್ಲಿ ಜರ್ಮನಿಯ ಕಿಲ್ಲಿಯನ್ ವಿವರಿಸಿದರು. ಮೂಗಿನ ಬೆನ್ನಿನುದ್ದಕ್ಕೂ ಮುಂದಿನ ಅಂಚಿನಲ್ಲೂ ಕನಿಷ್ಠ ೧ ಸೆಂಟಿಮೀಟರಿನಷ್ಟು ಅಗಲದ ಪಟ್ಟಿಯನ್ನು ಉಳಿಸಬೇಕೆಂಬುದು ಇಂದು ಶಸ್ತ್ರವೈದ್ಯರು ಪಾಲಿಸುವ ನಿಯಮ. ಮಿತಿಮೀರಿ ತೆಗೆದರೆ ಬೆನ್ನು ಕುದುರೆಯ ಜೀನಿನಂತೆ ತಗ್ಗಬಹುದು; ಒಳದಾರಿಯೂ ಕಿರಿದಾಗಿ ಉಸಿರು ಮತ್ತೆ ಕಟ್ಟಬಹುದು. ರೂಪವೂ ಉಸಿರೂ ಒಂದೇ ಕಂಬವನ್ನು ಆಶ್ರಯಿಸಿರುವಾಗ, ಒಂದನ್ನು ಅಗತ್ಯವೆಂದೂ ಇನ್ನೊಂದನ್ನು ಷೋಕಿಯೆಂದೂ ಬೇರ್ಪಡಿಸುವುದೆಂತು?

ಇಂಥ ಮೂಗನ್ನು ತಿದ್ದುವುದೆಂದರೆ ಕಳೆದುಹೋದ ಆಸರೆಯನ್ನು ಮರಳಿ ಕಟ್ಟುವುದು. ರೋಗಿಯ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿಯನ್ನು ತೆಗೆದು ಕಸಿ ಮಾಡುತ್ತಾರೆ. ಕಿವಿಯದು ಮೃದುವಾಗಿ ಬಾಗಿರುತ್ತದೆ. ಪಕ್ಕೆಲುಬಿನದು ಗಟ್ಟಿ, ಆದರೆ ಕಾಲಕ್ರಮದಲ್ಲಿ ಸೊಟ್ಟಗಾಗುವ ಸಂಭವವುಂಟು. ಮೊದಲ ಗಾಯದ ಕಲೆಗಟ್ಟಿದ ಅಂಗಾಂಶದ ನಡುವೆ ನಡೆಯಬೇಕಾದುದರಿಂದ ಎರಡನೆಯ ಶಸ್ತ್ರಕ್ರಿಯೆ ಮೊದಲಿನದಕ್ಕಿಂತ ಕಠಿನವಾದುದು.

ಆದಕಾರಣ ಆತುರವನ್ನೂ ನಾವು ಒಪ್ಪಲಾರೆವು. ಊತದ ಹೆಚ್ಚಿನ ಭಾಗ ಕೆಲವು ವಾರಗಳಲ್ಲಿ ಇಳಿದರೂ, ಮೂಗಿನ ತುದಿಯದು ಪೂರ್ತಿ ಇಳಿದು ಕಲೆ ಮೃದುವಾಗಲು ಸುಮಾರು ಒಂದು ವರ್ಷ ಬೇಕು. ಮೊದಲ ತಿಂಗಳ ಕನ್ನಡಿ ಕೊನೆಯ ತೀರ್ಪನ್ನು ಕೊಡಲಾರದು. ಅದನ್ನು ನಂಬಿ ಮತ್ತೆ ಶಸ್ತ್ರಕ್ಕೆ ಮೂಗೊಡ್ಡಿದರೆ, ಇದ್ದ ಆಸರೆಯನ್ನೂ ಕಳೆದುಕೊಳ್ಳುವ ಭಯವುಂಟು.

ಇದಕ್ಕೊಂದು ಅಪವಾದವನ್ನು ಮರೆಯಬಾರದು. ಮೃದ್ವಸ್ಥಿಗೆ ಪೋಷಣೆ ಬರುವುದು ಅದರ ಮೇಲಿನ ಪೊರೆಯಿಂದ. ಇವೆರಡರ ನಡುವೆ ರಕ್ತ ಹೆಪ್ಪುಗಟ್ಟಿದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು ಮೂಗು ಕುಸಿಯಬಹುದು. ಶಸ್ತ್ರಕ್ರಿಯೆಯ ಅಥವಾ ಪೆಟ್ಟಿನ ಬಳಿಕ ಮೂಗು ಕಟ್ಟಿ, ನೋವು ಏರುತ್ತ ಹೋದರೆ, ಅಥವಾ ಜ್ವರ ಬಂದರೆ, ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಆಟದ ಬಯಲಿನಲ್ಲಿ ಮೂಗಿಗೆ ಪೆಟ್ಟು ತಿನ್ನುವ ವಯಸ್ಸಿನ ನಮ್ಮ ವಾಚಕರು ಈ ವ್ಯತ್ಯಾಸವನ್ನು ನೆನಪಿಡಲಿ: ಆಕಾರವನ್ನು ತಿದ್ದಲು ವರ್ಷ ಕಾಯಬಹುದು, ಕಟ್ಟಿದ ರಕ್ತವನ್ನು ತೆಗೆಸಲು ಒಂದು ದಿನವೂ ಕಾಯಲಾಗದು.