ರಬ್ಬರಿನ ರಾಕ್ಷಸರೂ ಹಾಲುಹಲ್ಲುಗಳೂ

೧೯೫೩ನೆಯ ಇಸವಿಯಲ್ಲಿ ಹಾಲಿವುಡ್ಡಿನ ಸಮೀಪದ ಹಳೆಯ ಕಲ್ಲುಗಣಿಯೊಂದರ ಗುಹೆಯ ಮುಂದೆ ನಟನೊಬ್ಬನು ನಿಂತಿದ್ದನು. ಮೈಮೇಲೆ ಗೊರಿಲ್ಲಾದ ವೇಷ; ತಲೆಗೆ ಸಮುದ್ರದಲ್ಲಿ ಮುಳುಗುವವರು ಧರಿಸುವಂಥ ಲೋಹದ ಶಿರಸ್ತ್ರಾಣ; ಅದರ ಮೇಲೆರಡು ತಂತಿಯ ಕೊಂಬುಗಳು. ಭೂಮಿಯ ಜನರನ್ನೆಲ್ಲ ತನ್ನ ಮಾರಣಕಿರಣದಿಂದ ನಿರ್ನಾಮ ಮಾಡಿ, ಉಳಿದ ಬೆರಳೆಣಿಕೆಯ ಮಂದಿಯನ್ನು ಅರಸುತ್ತಿರುವ ಅನ್ಯಗ್ರಹದ ದೂತನೇ ಅವನೆಂದು ಪ್ರೇಕ್ಷಕರು ನಂಬಬೇಕಾಗಿತ್ತು. ಅವನು ತನ್ನ ಒಡೆಯನೊಡನೆ ಮಾತನಾಡುವ ಯಂತ್ರದ ಪಕ್ಕದಲ್ಲಿ ಸಾಬೂನಿನ ಗುಳ್ಳೆಗಳನ್ನುಗುಳುವ ಪೆಟ್ಟಿಗೆಯೊಂದಿದ್ದಿತು. ‘ರೋಬಾಟ್ ಮಾನ್‌ಸ್ಟರ್’ ಎಂಬ ಈ ಚಿತ್ರವನ್ನು ನಾಲ್ಕೇ ದಿನಗಳಲ್ಲಿ, ಸುಮಾರು ೧೬,೦೦೦ ಡಾಲರುಗಳ ವೆಚ್ಚದಲ್ಲಿ ತೆಗೆದರೆಂದು ಹೇಳುತ್ತಾರೆ. ಯಂತ್ರಮಾನವನ ಉಡುಪನ್ನು ಮಾಡಿಸಲು ಹಣವಿರಲಿಲ್ಲ. ನಟನ ಬಳಿಯಲ್ಲಿಯೋ ಸ್ವಂತದ ಗೊರಿಲ್ಲಾ ವೇಷವಿದ್ದಿತು. ಆದಕಾರಣ ಭೂಮಿಯನ್ನು ಗೆಲ್ಲುವ ಭಾಗ್ಯವು ಗೊರಿಲ್ಲಾಕ್ಕೆ ಒದಗಿತು!

ಆ ದಶಕದಲ್ಲಿ ಇಂಥ ಅಗ್ಗದ ಚಿತ್ರಗಳು ಒಂದರ ಮೇಲೊಂದರಂತೆ ಹೊರಬಿದ್ದವು. ಇಂದು ಅವುಗಳಲ್ಲಿ ಅನೇಕವು ಕೈಯಲ್ಲಿರುವ ಮೊಬೈಲಿನ ಪರದೆಯ ಮೇಲೆಯೇ ದೊರೆಯುತ್ತವೆ. ನಮ್ಮ ತರುಣ ವಾಚಕರು ಅವನ್ನು ನೋಡಿದರೆ ನಗುವರು, ನಾವೂ ನಕ್ಕಿದ್ದೇವೆ. ಆದರೆ ನಕ್ಕು ಎದ್ದುಹೋಗುವುದಷ್ಟೇ ವಿಜ್ಞಾನದ ವಿದ್ಯಾರ್ಥಿಗೆ ಸಾಲದು. ಈ ಚಿತ್ರಗಳ ನಿಜವಾದ ದೋಷವು ರಬ್ಬರಿನ ರಾಕ್ಷಸರಲ್ಲಿಲ್ಲ. ಅವು ತಮ್ಮ ಕಾಲದ ಭಯವನ್ನು ಸರಿಯಾಗಿಯೇ ಗುರುತಿಸಿದವು. ಆದರೆ ಶತ್ರುವನ್ನು ತಪ್ಪಾಗಿ ಗುರುತಿಸಿದವು. ಇದು ನಮ್ಮ ಅಭಿಪ್ರಾಯ.

ಆ ಕಾಲ ಎಂತಹುದೆಂಬುದನ್ನು ಮೊದಲು ನೆನೆಯೋಣ. ೧೯೪೫ರ ಆಗಸ್ಟಿನಲ್ಲಿ ಹಿರೋಷಿಮಾ, ನಾಗಸಾಕಿಗಳು ಸುಟ್ಟುಹೋದವು. ೧೯೪೭ರ ಜೂನಿನಲ್ಲಿ ಕೆನೆತ್ ಆರ್ನಾಲ್ಡ್ ಎಂಬ ವೈಮಾನಿಕನು ರೇನಿಯರ್ ಪರ್ವತದ ಬಳಿ ಒಂಬತ್ತು ವಿಚಿತ್ರ ವಸ್ತುಗಳು ಹಾರುವುದನ್ನು ಕಂಡೆನೆಂದು ಹೇಳಿದನು. ಪತ್ರಿಕೆಗಳು ಅವಕ್ಕೆ ‘ಹಾರುವ ತಟ್ಟೆ’ಗಳೆಂದು ಹೆಸರಿಟ್ಟವು. ೧೯೪೯ರಲ್ಲಿ ಸೋವಿಯೆತ್ ಒಕ್ಕೂಟವು ತನ್ನ ಪ್ರಥಮ ಪರಮಾಣು ಬಾಂಬನ್ನು ಪರೀಕ್ಷಿಸಿತು. ೧೯೫೨ರ ನವೆಂಬರಿನಲ್ಲಿ ಅಮೆರಿಕವು ಜಲಜನಕ ಬಾಂಬನ್ನು ಸಿಡಿಸಿತು. ಆಕಾಶದಿಂದ ಏನು, ಯಾವಾಗ ಬಂದೀತೆಂದು ಜನರು ತಲೆಯೆತ್ತಿ ನೋಡುತ್ತಿದ್ದ ಆ ದಿನಗಳಲ್ಲಿ, ಆಕಾಶದಿಂದಿಳಿಯುವ ಶತ್ರುವಿನ ಕಥೆಗಳಿಗೆ ಪ್ರೇಕ್ಷಕರ ಕೊರತೆಯಾದೀತೇ? ಮೋಟಾರಿನಲ್ಲಿಯೇ ಕುಳಿತು ಚಿತ್ರ ನೋಡುವ ಬಯಲು ಚಿತ್ರಮಂದಿರಗಳು ಪ್ರೌಢಶಾಲೆಯ ಹುಡುಗ ಹುಡುಗಿಯರಿಂದ ತುಂಬಿದವು.

ಈ ಚಿತ್ರಗಳ ವಿಜ್ಞಾನವನ್ನು ಸ್ವಲ್ಪ ಪರೀಕ್ಷಿಸೋಣ. ೧೯೫೬ರ ‘ಇಟ್ ಕಾಂಕರ್ಡ್ ದ ವರ್ಲ್ಡ್’ ಎಂಬ ಚಿತ್ರದಲ್ಲಿ ಶುಕ್ರಗ್ರಹದ ಪ್ರಾಣಿಯೊಂದು ಭೂಮಿಗೆ ಬರುತ್ತದೆ. ನಿರ್ದೇಶಕರಾದ ರೋಜರ್ ಕೋರ್ಮನ್ನರು ಎಂಜಿನಿಯರಿಂಗ್ ಕಲಿತವರು. ಗುರುತ್ವಾಕರ್ಷಣೆ ಹೆಚ್ಚಾಗಿರುವ ಗ್ರಹದ ಪ್ರಾಣಿಯು ಕುಳ್ಳಾಗಿ, ನೆಲಕ್ಕಂಟಿಕೊಂಡಿರಬೇಕೆಂದು ತರ್ಕಿಸಿ ಅವರು ಹಾಗೆಯೇ ಮಾಡಿಸಿದರು. ನಾಯಕಿಯ ಪಾತ್ರ ವಹಿಸಿದ್ದ ಬೆವರ್ಲಿ ಗಾರ್ಲೆಂಡರು ಆ ಕುಳ್ಳ ರಾಕ್ಷಸನನ್ನು ನೋಡಿ ಪರಿಹಾಸ್ಯ ಮಾಡಿ ಕಾಲಿನಿಂದ ಒದ್ದರೆಂದೂ, ಒಡನೆಯೇ ಅದರ ಎತ್ತರವನ್ನು ಹೆಚ್ಚಿಸಬೇಕಾಯಿತೆಂದೂ ಕೋರ್ಮನ್ನರೇ ಮುಂದೆ ಹೇಳಿಕೊಂಡಿದ್ದಾರೆ. ಇಲ್ಲಿ ತರ್ಕದ ಮಾರ್ಗವು ಸರಿಯಾದುದೇ; ತಪ್ಪಿದುದು ಅಳತೆ. ಶುಕ್ರನ ಮೇಲ್ಮೈಯ ಗುರುತ್ವವು ಭೂಮಿಯದರ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಇಲ್ಲಿ ೬೦ ಕಿಲೋಗ್ರಾಂ ತೋರಿಸುವ ತಕ್ಕಡಿಯು ಅಲ್ಲಿ ೫೪ನ್ನು ತೋರಿಸೀತು. ಶುಕ್ರನ ನೆಲದ ಉಷ್ಣತೆ ಸುಮಾರು ೪೬೦ ಡಿಗ್ರಿ ಸೆಲ್ಸಿಯಸ್ ಎಂಬುದು ಅಂದು ತಿಳಿದಿರಲಿಲ್ಲವಾದುದರಿಂದ ಅದಕ್ಕಾಗಿ ಅವರನ್ನು ದೂಷಿಸಲಾಗದು. ಗುರುತ್ವದ ಲೆಕ್ಕವಾದರೋ ಅಂದಿನ ಖಗೋಲಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಇದ್ದಿತು.

೧೯೫೪ರ ‘ಕಿಲ್ಲರ್ಸ್ ಫ್ರಂ ಸ್ಪೇಸ್’ ಚಿತ್ರದಲ್ಲಿ ಅನ್ಯಗ್ರಹವಾಸಿಗಳು ಅಮೆರಿಕದ ಬಾಂಬು ಪರೀಕ್ಷೆಗಳ ಶಕ್ತಿಯನ್ನೇ ಕದ್ದು, ಕೀಟಗಳನ್ನೂ ಹಲ್ಲಿಗಳನ್ನೂ ಬೃಹದಾಕಾರಕ್ಕೆ ಬೆಳೆಸುತ್ತಾರೆ. ಗೆಲಿಲಿಯೋ ೧೬೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಇದಕ್ಕೆ ಉತ್ತರವಿದೆ. ಪ್ರಾಣಿಯೊಂದರ ಉದ್ದ, ಅಗಲ, ಎತ್ತರಗಳು ತಲಾ ಹತ್ತು ಪಟ್ಟಾದರೆ ತೂಕವು ಸಾವಿರ ಪಟ್ಟಾಗುವುದು. ಆ ತೂಕವನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತಾರವು ನೂರು ಪಟ್ಟು ಮಾತ್ರ. ಎಂದರೆ ಮೂಳೆಯ ಪ್ರತಿಯೊಂದು ಚದರ ಅಂಗುಲದ ಮೇಲೂ ಹತ್ತು ಪಟ್ಟು ಭಾರ ಬೀಳುವುದು. ಅಂಥ ಹಲ್ಲಿಯು ಊರನ್ನು ತುಳಿಯುವುದಿರಲಿ, ಎದ್ದು ನಿಲ್ಲುವುದೇ ಕಷ್ಟ.

ಎಡ್ ವುಡ್ಡರು ತೆಗೆದು, ೧೯೫೭ರಲ್ಲಿ ಮೊದಲು ತೋರಿಸಿದ ‘ಪ್ಲಾನ್ ನೈನ್ ಫ್ರಂ ಔಟರ್ ಸ್ಪೇಸ್’ ಎಂಬುದು ಪ್ರಪಂಚದ ಅತ್ಯಂತ ಕೆಟ್ಟ ಚಿತ್ರವೆಂದು ಹೆಸರಾಗಿದೆ. ಇದರ ಅನ್ಯಗ್ರಹವಾಸಿಗಳ ಭಯ ವಿಚಿತ್ರವಾದುದು. ಮನುಷ್ಯರು ಪಟಾಕಿಯಿಂದ ಆರಂಭಿಸಿ ಜಲಜನಕ ಬಾಂಬಿನವರೆಗೆ ಬಂದಿದ್ದಾರೆ. ಇನ್ನು ಮುಂದೆ ಸೂರ್ಯನ ಬೆಳಕಿನ ಕಣಗಳನ್ನೇ ಸಿಡಿಸಿ ವಿಶ್ವವನ್ನೆಲ್ಲ ಸುಟ್ಟುಬಿಡುವರೆಂದು ಅವರ ಆತಂಕ. ಬೆಳಕಿನ ಕಣವು ಹಾಗೆ ಸಿಡಿಯದು. ಯುರೇನಿಯಂ-೨೩೫ರ ಬೀಜವೊಂದು ಒಡೆದಾಗ ಸರಾಸರಿ ಎರಡೂವರೆ ನ್ಯೂಟ್ರಾನುಗಳು ಹೊರಬಿದ್ದು ಪಕ್ಕದ ಬೀಜಗಳನ್ನು ಒಡೆಯಬಲ್ಲವಾದುದರಿಂದಲೇ ಸರಪಳಿ ಕ್ರಿಯೆ ಸಾಧ್ಯ. ಬೆಳಕಿನ ಎರಡು ಕಿರಣಗಳಾದರೋ ಒಂದನ್ನೊಂದು ಹಾದು ಸುಮ್ಮನೆ ಹೋಗುವುವು. ಆದರೆ ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಭೌತಶಾಸ್ತ್ರವು ತಪ್ಪಾದರೂ, ಅಪಾಯವು ಮನುಷ್ಯನ ಕೈಯಲ್ಲಿಯೇ ಹುಟ್ಟುತ್ತದೆಂಬ ಮಾತನ್ನು ಈ ‘ಅತ್ಯಂತ ಕೆಟ್ಟ’ ಚಿತ್ರವು ಆಡಿಬಿಟ್ಟಿದೆ.

ಅದೇ ಕಾಲದಲ್ಲಿ ಅಮೆರಿಕದ ಸರ್ಕಾರವು ಶಾಲೆಯ ಮಕ್ಕಳಿಗೆ ತೋರಿಸುತ್ತಿದ್ದ ಚಿತ್ರವೊಂದನ್ನು ಇದರೊಡನೆ ಹೋಲಿಸಿ ನೋಡಬೇಕು. ೧೯೫೨ರಲ್ಲಿ ಹೊರಬಂದ ‘ಡಕ್ ಅಂಡ್ ಕವರ್’ನಲ್ಲಿ ಬರ್ಟ್ ಎಂಬ ಆಮೆಯು ಚಿಪ್ಪಿನೊಳಗೆ ಸೇರಿಕೊಳ್ಳುವಂತೆ, ಬಾಂಬಿನ ಮಿಂಚು ಕಂಡೊಡನೆ ಮಕ್ಕಳು ಮೇಜಿನಡಿಯಲ್ಲಿ ನುಸುಳಿ ತಲೆಯನ್ನು ಮುಚ್ಚಿಕೊಳ್ಳಬೇಕೆಂದು ಬೋಧಿಸಲಾಗಿದೆ. ದೂರದಲ್ಲಿರುವವರಿಗೆ ಸಿಡಿದು ಬರುವ ಗಾಜಿನ ಚೂರುಗಳಿಂದ ಇದು ರಕ್ಷಣೆ ನೀಡೀತೆಂಬುದು ನಿಜ. ಆದರೆ ಗಾಳಿಯಲ್ಲಿ ಹರಡಿ ವರ್ಷಗಟ್ಟಲೆ ಇಳಿಯುವ ವಿಕಿರಣಶೀಲ ಧೂಳಿಗೆ ಮೇಜು ಅಡ್ಡಬರುವುದೇ? ಬೆಳಗ್ಗೆ ಶಾಲೆಯಲ್ಲಿ, ಅಡಗಿಕೊಂಡರೆ ಸಾಕೆಂಬ ಚಿತ್ರ. ಸಂಜೆ ಬಯಲು ಚಿತ್ರಮಂದಿರದಲ್ಲಿ, ಅಡಗಲು ಸ್ಥಳವೇ ಇಲ್ಲವೆಂಬ ಚಿತ್ರ. ಈ ಒಂದು ವಿಷಯದಲ್ಲಿ ಗೊರಿಲ್ಲಾ ವೇಷದ ಚಿತ್ರವೇ ಸತ್ಯಕ್ಕೆ ಹತ್ತಿರವಾಗಿದ್ದಿತೆಂದು ನಾವು ಹೇಳುತ್ತೇವೆ.

ಹಾಗಾದರೆ ಇವು ತಪ್ಪಿದುದೆಲ್ಲಿ? ಇವು ಭಯಕ್ಕೊಂದು ಮುಖವನ್ನು ಕೊಟ್ಟವು. ಮುಖವಿರುವ ಶತ್ರುವನ್ನು ಎಪ್ಪತ್ತು ಎಂಬತ್ತು ನಿಮಿಷಗಳಲ್ಲಿ ಕೊಂದುಬಿಡಬಹುದು. ೧೯೫೬ರ ‘ಅರ್ತ್ ವರ್ಸಸ್ ದ ಫ್ಲೈಯಿಂಗ್ ಸಾಸರ್ಸ್’ನಲ್ಲಿ ಹಾರುವ ತಟ್ಟೆಗಳನ್ನು ಉರುಳಿಸುವ ಹೊಸ ಆಯುಧವನ್ನು ನಾಯಕ ವಿಜ್ಞಾನಿಯು ಕೆಲವೇ ವಾರಗಳಲ್ಲಿ ಸಿದ್ಧಪಡಿಸುತ್ತಾನೆ. ಶತ್ರು ಸತ್ತನು, ವಿಜ್ಞಾನಿ ಗೆದ್ದನು, ಪ್ರೇಕ್ಷಕರು ನಿಶ್ಚಿಂತೆಯಿಂದ ಮನೆಗೆ ನಡೆದರು. ಅದೇ ರಾತ್ರಿ, ಅದೇ ಆಕಾಶದಿಂದ, ನಿಜವಾದ ಆಕ್ರಮಣವು ಸದ್ದಿಲ್ಲದೆ ನಡೆದಿದ್ದಿತು.

೧೯೫೪ರ ಮಾರ್ಚ್ ೧ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕವು ‘ಬ್ರಾವೊ’ ಎಂಬ ಬಾಂಬನ್ನು ಸಿಡಿಸಿತು. ಅದರ ಬಲವು ವಿಜ್ಞಾನಿಗಳ ನಿರೀಕ್ಷೆಯ ಎರಡೂವರೆ ಪಟ್ಟಾಗಿ, ೧೫ ಮೆಗಾಟನ್ನಿಗೆ ಮುಟ್ಟಿತು; ಹಿರೋಷಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು. ಬಾಂಬಿನಲ್ಲಿದ್ದ ಲಿಥಿಯಂ-೭ ಎಂಬ ಐಸೊಟೋಪು ಈ ಕ್ರಿಯೆಯಲ್ಲಿ ಪಾಲ್ಗೊಳ್ಳದೆಂದು ಅವರು ಎಣಿಸಿದ್ದರು, ಅದು ಪಾಲ್ಗೊಂಡಿತು. ಅಪಾಯದ ವಲಯವೆಂದು ಸಾರಿದ್ದ ಪ್ರದೇಶದ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ‘ದೈಗೊ ಫುಕುರ್ಯು ಮಾರು’ ಎಂಬ ದೋಣಿಯ ಮೇಲೆ ಬಿಳಿಯ ಬೂದಿಯು ಗಂಟೆಗಟ್ಟಲೆ ಸುರಿಯಿತು. ದೋಣಿಯಲ್ಲಿದ್ದ ೨೩ ಮಂದಿಯೂ ವಿಕಿರಣದ ಕಾಯಿಲೆಗೆ ಗುರಿಯಾದರು. ರೇಡಿಯೋ ನಿರ್ವಾಹಕರಾದ ಐಕಿಚಿ ಕುಬೊಯಾಮ ಅವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಬ್ರಾವೊ ಪರೀಕ್ಷೆಯಾಗಿ ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ ೨ರಂದು, ಇಂಥ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವಾಗಬೇಕೆಂದು ಪ್ರಧಾನಿ ನೆಹರೂ ಅವರು ನಮ್ಮ ಸಂಸತ್ತಿನಲ್ಲಿ ಕರೆಯಿತ್ತರು. ೧೯೫೬ರಲ್ಲಿ ಡಾ. ಡಿ. ಎಸ್. ಕೊಠಾರಿಯವರು ಪರಮಾಣು ಸ್ಫೋಟಗಳ ಪರಿಣಾಮಗಳನ್ನು ಕುರಿತು ಸಿದ್ಧಪಡಿಸಿದ ಗ್ರಂಥವನ್ನು ಭಾರತ ಸರ್ಕಾರವು ಪ್ರಕಟಿಸಿತು.

ಬಾಂಬಿನ ಧೂಳಿನಲ್ಲಿ ಸ್ಟ್ರಾನ್ಷಿಯಂ-೯೦ ಎಂಬ ವಸ್ತುವಿರುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಆವರ್ತ ಕೋಷ್ಟಕವನ್ನು ತೆರೆದು ನೋಡಲಿ: ಸ್ಟ್ರಾನ್ಷಿಯಮ್ಮಿನ ಸ್ಥಾನವು ಕ್ಯಾಲ್ಸಿಯಮ್ಮಿನ ಕೆಳಗಡೆಯೇ ಇದೆ. ಒಂದೇ ಗುಂಪಿನವಾದುದರಿಂದ ಎರಡರ ವರ್ತನೆಯೂ ಬಹುಮಟ್ಟಿಗೆ ಒಂದೇ. ದೇಹವು ಒಂದನ್ನು ಇನ್ನೊಂದೆಂದು ಭ್ರಮಿಸುವುದು. ಧೂಳು ಮಳೆಯೊಡನೆ ಹುಲ್ಲಿನ ಮೇಲೆ ಇಳಿಯುವುದು, ಹುಲ್ಲು ಹಸುವಿನ ಹೊಟ್ಟೆಗೆ, ಅಲ್ಲಿಂದ ಹಾಲಿಗೆ, ಹಾಲಿನಿಂದ ಮಗುವಿನ ಮೂಳೆಗೆ, ಹಲ್ಲಿಗೆ. ಅದರ ಅರ್ಧಾಯು ಸುಮಾರು ೨೯ ವರ್ಷ. ಈ ಶತ್ರುವಿಗೆ ಹಾರುವ ತಟ್ಟೆ ಬೇಕಿರಲಿಲ್ಲ. ಹಾಲಿನ ಲೋಟವೇ ಸಾಕಾಗಿದ್ದಿತು.

ಇದನ್ನು ಎದುರಿಸಿದವರು ಯಾರು? ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ವಿಜ್ಞಾನಿಗಳೂ ಸಾಮಾನ್ಯ ನಾಗರಿಕರೂ ಕೂಡಿ ೧೯೫೮ರಲ್ಲಿ ಸಮಿತಿಯೊಂದನ್ನು ರಚಿಸಿಕೊಂಡರು. ಮಕ್ಕಳ ಬಿದ್ದುಹೋದ ಹಾಲುಹಲ್ಲುಗಳನ್ನು ಕಳುಹಿಸಿಕೊಡಿರೆಂದು ತಾಯಂದಿರನ್ನು ಬೇಡಿಕೊಂಡರು. ವೈದ್ಯೆ ಲೂಯಿಸ್ ರೈಸ್ ಅವರು ಆ ಕಾರ್ಯದ ನಿರ್ದೇಶಕಿಯಾಗಿದ್ದರು. ಮಗು ಹುಟ್ಟಿದುದು ಎಲ್ಲಿ, ಎಂದು, ಎದೆಹಾಲು ಕುಡಿಯಿತೋ ಬಾಟಲಿಯ ಹಾಲೋ ಎಂಬ ವಿವರಗಳನ್ನು ಪ್ರತಿಯೊಂದು ಹಲ್ಲಿನೊಡನೆ ಬರೆದಿಟ್ಟರು. ಹಲ್ಲು ಕಳುಹಿಸಿದ ಮಗುವಿಗೆ, ತಾನು ವಿಜ್ಞಾನಕ್ಕೆ ಹಲ್ಲನ್ನಿತ್ತೆನೆಂದು ಸಾರುವ ಪದಕವೊಂದು ಬಹುಮಾನ! ಹಾಲುಹಲ್ಲು ರೂಪುಗೊಳ್ಳುವುದು ಹುಟ್ಟಿನ ಹಿಂದುಮುಂದಿನ ತಿಂಗಳುಗಳಲ್ಲಿ. ಬೀಳುವುದು ಆರೇಳು ವರ್ಷಗಳ ತರುವಾಯ. ಆದುದರಿಂದ ಪ್ರತಿಯೊಂದು ಹಲ್ಲೂ ಅದು ಬೆಳೆದ ಕಾಲದ ದಿನಚರಿಯಂತೆ. ಒಂದೇ ಹಲ್ಲಿನಲ್ಲಿರುವ ಸ್ಟ್ರಾನ್ಷಿಯಂ ಅಳತೆಗೆ ಸಾಲದಾದುದರಿಂದ ಒಂದೇ ಕಾಲದಲ್ಲಿ ಹುಟ್ಟಿದವರ ಹಲ್ಲುಗಳನ್ನು ಒಟ್ಟುಗೂಡಿಸಿ ಅಳೆದರು. ೧೯೬೧ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೊದಲ ಫಲಿತಾಂಶವು ಪ್ರಕಟವಾಯಿತು: ಬಾಂಬು ಪರೀಕ್ಷೆಗಳೊಡನೆ ಹಲ್ಲುಗಳ ಸ್ಟ್ರಾನ್ಷಿಯಮ್ಮೂ ಏರುತ್ತ ಹೋಗಿದ್ದಿತು. ೧೯೭೦ರಲ್ಲಿ ಈ ಕಾರ್ಯ ಮುಗಿಯುವ ವೇಳೆಗೆ ಸುಮಾರು ಮೂರು ಲಕ್ಷ ಹಲ್ಲುಗಳು ಸಂಗ್ರಹವಾಗಿದ್ದವು.

೧೯೬೩ರ ಆಗಸ್ಟ್ ೫ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯೆತ್ ಒಕ್ಕೂಟ, ಬ್ರಿಟನ್ನುಗಳು ವಾಯುಮಂಡಲದಲ್ಲಿಯೂ ಅಂತರಿಕ್ಷದಲ್ಲಿಯೂ ನೀರಿನಡಿಯಲ್ಲಿಯೂ ಬಾಂಬು ಪರೀಕ್ಷೆ ನಡೆಸುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತವೂ ಅದೇ ವರ್ಷ ಅದಕ್ಕೆ ಸೇರಿತು. ಈ ಒಪ್ಪಂದವು ಹಲ್ಲುಗಳಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಅದರ ಹಿಂದೆ ರಾಜಕೀಯ ಕಾರಣಗಳು ಹಲವಿದ್ದವು. ಫ್ರಾನ್ಸೂ ಚೀನಾವೂ ಮುಂದೆಯೂ ಕೆಲವು ವರ್ಷ ವಾಯುಮಂಡಲದಲ್ಲಿ ಬಾಂಬುಗಳನ್ನು ಸಿಡಿಸಿದವು. ಆದರೂ ತಾಯಂದಿರ ಭಯಕ್ಕೆ ಅಂಕಿಗಳ ಬಲವನ್ನು ತಂದಿತ್ತುದು ಆ ಹಲ್ಲುಗಳೆಂಬುದರಲ್ಲಿ ಸಂದೇಹವಿಲ್ಲ.

ವಿನೋದಕ್ಕಾಗಿ ತೆಗೆದ ಚಿತ್ರವನ್ನು ಇಷ್ಟು ಬಿಗಿಯಾಗಿ ತೂಗುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಹಲ್ಲು ಎಣಿಸುವವರನ್ನು ತೋರಿಸಿದ್ದರೆ ಟಿಕೇಟು ಕೊಳ್ಳುವವರಾರು? ಮಾತು ಸರಿಯಾದುದೇ. ಚಿತ್ರ ತೆಗೆದವರನ್ನು ನಾವು ದೂರುವುದಿಲ್ಲ. ಅಲ್ಪ ಹಣದಲ್ಲಿ, ಅಲ್ಪ ಕಾಲದಲ್ಲಿ ತಮ್ಮ ಉದ್ಯೋಗವನ್ನು ಅವರು ಮಾಡಿದರು. ನಮ್ಮ ಕಳವಳವು ನೋಡುವವರನ್ನು ಕುರಿತದ್ದು. ಅಪಾಯವೆಂದರೆ ಮುಖವುಳ್ಳ ರಾಕ್ಷಸ, ವಿಜ್ಞಾನವೆಂದರೆ ಒಬ್ಬ ವೀರನ ದಿಢೀರ್ ಆಯುಧ ಎಂಬ ಎಣಿಕೆಯು ಪರದೆಯಿಂದಿಳಿದು ಮನಸ್ಸಿನಲ್ಲಿ ಬೇರೂರಿದರೆ, ನಿಜವಾದ ಅಪಾಯ ಬಂದಾಗ ನಾವು ಆಕಾಶವನ್ನು ನೋಡುತ್ತ ನಿಂತಿರುತ್ತೇವೆ. ಪ್ರಪಂಚದಲ್ಲಿ ಇಂದಿಗೂ ಸುಮಾರು ೧೨,೦೦೦ ಪರಮಾಣು ಸಿಡಿತಲೆಗಳಿವೆ. ಬಿಸಿಯಾಗುತ್ತಿರುವ ವಾಯುಮಂಡಲಕ್ಕಾಗಲಿ, ಕೆಡುತ್ತಿರುವ ಕೆರೆಯ ನೀರಿಗಾಗಲಿ ಗೊರಿಲ್ಲಾದ ವೇಷವಿಲ್ಲ.

ಆದುದರಿಂದ ನಮ್ಮ ತರುಣ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ಈ ಚಿತ್ರಗಳನ್ನು ಅವಶ್ಯವಾಗಿ ನೋಡಿರಿ, ಮನಸಾರೆ ನಗಿರಿ. ಅನಂತರ ಒಂದು ಹಾಳೆಯನ್ನೂ ಸೀಸದಕಡ್ಡಿಯನ್ನೂ ತೆಗೆದುಕೊಂಡು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇಲ್ಲಿ ತೋರಿಸಿದುದು ಲೆಕ್ಕಕ್ಕೆ ನಿಲ್ಲುವುದೇ? ಇದನ್ನು ತೆಗೆದವರು ನಿಜವಾಗಿ ಅಂಜಿದುದು ಯಾವುದಕ್ಕೆ? ಆ ಅಂಜಿಕೆಯ ಕಾರಣವನ್ನು ಅಳೆಯುವ ಉಪಾಯವೇನು? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನು ಕಿರಣಾಸ್ತ್ರವನ್ನು ಕಂಡುಹಿಡಿಯಲಾರನು. ಅವನ ಕೈಗೆ ಸಿಕ್ಕುವುದು ಒಂದು ಪುಟ್ಟ ಹಾಲುಹಲ್ಲು ಮಾತ್ರ. ಕೆಲಸವನ್ನಾರಂಭಿಸಲು ಅದೇ ಸಾಕು.