ಮನಿಯೊಳಗಿನ ಸಪ್ಪಳಕ್ಕ ಯಜಮಾನ್ರು ಯಾರು?

ಕುಕ್ಕರ್ ಸೀಟಿ ಹೊಡದ್ರ ನಾವು ಯಾರೂ ಬೈಯೂದಿಲ್ಲ. ಅನ್ನ ಆತು, ಬಂದು ಗ್ಯಾಸ್ ಆರಸು ಅಂತ ಅದು ಹೇಳ್ತದ. ಆದ್ರ ಈ ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೆ ಢಣ್ ಅಂತದಲ್ಲ, ಅದು ಯಾರಿಗೆ ಏನ್ ಹೇಳ್ತದ್ರಿ? ಗುಂಡಿ ಒತ್ತಿದಾಕಿ ನಾನ, ಎದುರಿಗೆ ಕೂತಾಕೀನೂ ನಾನ.

ಒಂದು ಸಪ್ಪಳಕ್ಕ ಇಷ್ಟ್ಯಾಕ ರಂಪ ಅನಬ್ಯಾಡ್ರಿ. ತೊಟ್ಟಿಲದಾಗಿನ ಕೂಸು ಎದ್ರ ಮತ್ತ ಮಲಗಸೋರು ಯಾರು? ರಾತ್ರಿಪಾಳಿ ಮುಗಿಸಿ ಮಲಗಿದ ಸೊಸಿಗೆ ಎಚ್ಚರಾದ್ರ ಮಾರಿ ಗಂಟು ಹಾಕಿದ್ದನ್ನ ನೋಡೋರು ಯಾರು? ಕಂಪನಿಯವರಂತೂ ಬರೂದಿಲ್ಲ.

ಇದು ನನ್ನೊಬ್ಬಾಕಿ ತಕರಾರೂ ಅಲ್ಲ. 2006ರಾಗ ಮೈಕ್ರೋಸಾಫ್ಟ್‌ನವರು ವಿಸ್ತಾ ತಯಾರ ಮಾಡೂ ಮುಂದ, ಚಾಲೂ ಆಗೋ ಸಪ್ಪಳಾ ಯಾರಿಗೂ ಬಂದ್ ಮಾಡ್ಲಿಕ್ಕೆ ಬರದಂಗ ಮಾಡಬೇಕು ಅಂತ ವಿಚಾರ ಮಾಡಿದ್ರು. ರಾಬರ್ಟ್ ಫ್ರಿಪ್ ಅನ್ನೋ ದೊಡ್ಡ ಗಿಟಾರ್ ವಾದಕರು ಕೈ ಹಚ್ಚಿದ ಸಪ್ಪಳ ಅದು. ಛಂದನ ಇತ್ತು. ಛಂದ ಇದ್ರೇನಾತು, ಬಳಸೋ ಮಂದಿ ಒಪ್ಪಲಿಲ್ಲ, ಗದ್ದಲ ಎಬ್ಬಿಸಿದ್ರು. 2007ರಾಗ ವಿಸ್ತಾ ಅಂಗಡಿಗೆ ಬಂದಾಗ ಸಪ್ಪಳಾ ಬಂದ್ ಮಾಡೋ ಟಿಕ್ಕಿನ ಮನಿ ಒಳಗಿತ್ತು. ಬಾಯಿ ಇದ್ದವರು ಗೆದ್ರು ನೋಡ್ರಿ.

ಆ್ಯಪಲ್‌ನವರದು ಇನ್ನೊಂದು ತರಾ. ಮ್ಯಾಕ್ ವರ್ಷಾನುಗಟ್ಲೆ ಚಾಲೂ ಆಗೂ ಮುಂದ ಸಪ್ಪಳಾ ಮಾಡ್ತಿತ್ತು. 2016ರ ಹೊಸ ಮ್ಯಾಕ್‌ಬುಕ್ ಪ್ರೋದಾಗ ಯಾರನ್ನೂ ಕೇಳದನ ಅದನ್ನ ತಗದುಬಿಟ್ರು. ಬೇಕು, ಬ್ಯಾಡ ಅಂತ ಆರಿಸಿಕೊಳ್ಳೋ ಟಿಕ್ಕು ಸೆಟ್ಟಿಂಗ್ಸಿನಾಗ ಬಂದದ್ದು 2020ರ ಬಿಗ್ ಸರ್‌ದಾಗ. ಹೊಡೀಲೇಬೇಕು ಅನ್ನೋದೂ ಜುಲುಮಿ, ಕೇಳದ ಕಸಗೊಳ್ಳೋದೂ ಜುಲುಮಿನ.

ಕಣ್ಣು ಕಾಣದವರಿಗೆ ಮಶೀನು ಚಾಲೂ ಆತೋ ಇಲ್ಲೋ ಅಂತ ಆ ಸಪ್ಪಳದಿಂದನ ತಿಳೀತದ ಅಂತಾರ. ಖರೇ ಅದ. ಅದಕ್ಕ ಸಪ್ಪಳಾ ತಗೀರಿ ಅಂತ ನಾನೂ ಅನ್ನೂದಿಲ್ಲ. ಊಟದ ಎಲಿ ತುದಿಗೆ ಉಪ್ಪು ಬಡಸ್ತೇವಲ್ಲ, ಹಂಗ ಇಡ್ರಿ. ಬೇಕಾದವರು ಕಲಿಸ್ಕೊಳ್ಳಲಿ, ಬ್ಯಾಡಾದವರು ಬಿಡಲಿ. ಎಲ್ಲಾರ ಅನ್ನಕ್ಕೂ ನೀವ ಉಪ್ಪು ಸುರೀಬ್ಯಾಡ್ರಿ.

ಇನ್ನ ಆ ಟಿಕ್ಕನ್ನ ಮುಚ್ಚಿಡೋ ಚಾಳಿ. 2012ರ ವಿಂಡೋಸ್ 8ರಾಗ ಸಪ್ಪಳಾ ತಾನ ಬಂದ್ ಇತ್ತು, 2021ರ ವಿಂಡೋಸ್ 11ರಾಗ ತಿರುಗಿ ಬಂತು. ಬ್ಯಾಡಂದ್ರ ಎಲ್ಲಿ ಹೋಗಬೇಕು? ಸೆಟ್ಟಿಂಗ್ಸ್, ಅದರಾಗ ಪರ್ಸನಲೈಸೇಶನ್, ಅದರಾಗ ಥೀಮ್ಸ್, ಅದರಾಗ ಸೌಂಡ್ಸ್. ಅಲ್ಲಿ ತಳಕ್ಕ 'ಪ್ಲೇ ವಿಂಡೋಸ್ ಸ್ಟಾರ್ಟಪ್ ಸೌಂಡ್' ಅಂತದ. ಟಿಕ್ ತಗದು ಓಕೆ ಒತ್ತಬೇಕು. ಬಣ್ಣ, ಚಿತ್ರ ಇಡೋ ಖೋಲಿಯೊಳಗ ಸಪ್ಪಳದ ಕೀಲಿ! ಜೀರಿಗಿ ಡಬ್ಬಿ ಒಯ್ದು ಟ್ರಂಕಿನಾಗ ಇಟ್ಟಂಗಾತು.

ಹಿಂಗ ಮುಚ್ಚಿಟ್ಟಾಗನ ಮನಿ ಗಂಡಸ್ರು, ಹುಡುಗ್ರು "ನಿನಗ ತಿಳಿಯೂದಿಲ್ಲ, ಕೊಡಿಲ್ಲೆ" ಅಂತ ಕಸಗೊಳ್ಳೋದು. ತಿಳಿಯೂದಿಲ್ಲ ಅಂತಲ್ಲರೀ ಅಕ್ಕಾ, ಸಿಗದಂಗ ಇಟ್ಟಾರ. ಈ ನಾಕು ಹೆಜ್ಜಿ ಒಂದು ಚೀಟಿ ಮ್ಯಾಲೆ ಬರದು ಇಟ್ಕೋರಿ. ಯಾರಿಗೂ ಕೊಡಬ್ಯಾಡ್ರಿ, ನಿಮ್ಮ ಕೈಲೇನ ಬಂದ್ ಮಾಡ್ರಿ. ರೊಕ್ಕಾ ಕೊಟ್ಟು ಮನಿಗೆ ತಂದ ಮಶೀನು ನಮ್ಮ ಮಾತು ಕೇಳಬೇಕು.