ಕಪ್ಪುಹಲಗೆಯ ಮೇಲಿನ ತಪ್ಪು

ಭೈರವನದುರ್ಗದ ನೆತ್ತಿಯ ಮೇಲೆ ವಿಮಾನದ ಸದ್ದು ಕೇಳಿದಾಗಲೆಲ್ಲ ನನಗೆ 2009ರ ಮಾರ್ಚ್ 6ರ ಶುಕ್ರವಾರ ನೆನಪಾಗುತ್ತದೆ. ಬೆಂಗಳೂರಿನಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿದ್ದ ‘ಸಾರಸ್’ ವಿಮಾನವು ಅಂದು ಮಧ್ಯಾಹ್ನ ಬಿಡದಿ ಸಮೀಪದ ಶೇಷಗಿರಿಹಳ್ಳಿಯ ಬಳಿ ಬಿದ್ದು ಉರಿದುಹೋಯಿತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಹಾಗೂ ಸ್ಕ್ವಾಡ್ರನ್ ಲೀಡರ್ ಇಳಯರಾಜ ಅಸುನೀಗಿದರು. ಕುದೂರಿನವರಾದ ನಮಗೆ ಬಿಡದಿಯೆಂದರೆ ಮಾಗಡಿಯ ಆಚೆಗಿನ ನೆರೆಯೂರು.

ಮರುದಿನ ಬೆಳಗಿನ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು, “ಸಾರ್, ವಿಮಾನ ಯಾಕೆ ಬಿತ್ತು?” ಎಂದು ಕೇಳಿದ. “ಓಡಿಸುವವರು ಎಲ್ಲೋ ಎಡವಿರಬೇಕು” ಎಂದುಬಿಟ್ಟೆ. ಏನೂ ತಿಳಿಯದೆ ಆಡಿದ ಮಾತು ಅದು.

ಸಾರಸ್, ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಹದಿನಾಲ್ಕು ಆಸನಗಳ ವಿಮಾನ. ಅಂದು ಹಾರಿದ್ದು ಅದರ ಎರಡನೆಯ ಮಾದರಿ. ಎರಡು ಎಂಜಿನ್‌ಗಳಲ್ಲಿ ಒಂದನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಅಂದಿನ ಪರೀಕ್ಷೆ. ಹಳೆಯ ಕಾಲದ ಜೋಡಿ ರೆಕ್ಕೆಯ ಟೈಗರ್ ಮಾತ್ ವಿಮಾನದ ಎಂಜಿನ್ ಕೆಟ್ಟರೆ, ಹಗುರವೂ ನಿಧಾನಗತಿಯದೂ ಆದ ಅದನ್ನು ತೇಲಿಸಿಕೊಂಡು ಬಂದು ಬಯಲಿನಲ್ಲಿ ಇಳಿಸಲು ಪ್ರಯತ್ನಿಸಬಹುದಿತ್ತು. ಭಾರದ ವಿಮಾನಕ್ಕೆ ಆ ಸೌಲಭ್ಯ ಕಡಿಮೆ. ಅದಕ್ಕೆ ಎತ್ತರವೇ ಆಪದ್ಧನ. ಎಂಜಿನ್ನನ್ನು ಮರಳಿ ಚಾಲೂ ಮಾಡಲು ವಿನ್ಯಾಸಕಾರರು ಹಾಕಿಕೊಟ್ಟ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಲದಷ್ಟು ಎತ್ತರದಲ್ಲಿ ಅನುಸರಿಸಲಾಯಿತು ಎಂದು ತನಿಖೆ ಹೇಳಿತು. ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಆ ನಾಚಿಕೆಗೆ ಇನ್ನೂ ಹಳೆಯದೊಂದು ಬೇರಿತ್ತು.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ, ಆಮ್ಲಜನಕ ತಯಾರಿಸುವ ಪ್ರಯೋಗದ ಹಂತಗಳನ್ನು ಹಲಗೆಯ ಮೇಲೆ ಬರೆದಿದ್ದೆ. ಮೊದಲು ಕೊಳವೆಯನ್ನು ನೀರಿನಿಂದ ಹೊರತೆಗೆದು ಆಮೇಲೆ ದೀಪ ಆರಿಸಬೇಕು. ನಾನು ಅವಸರದಲ್ಲಿ ಹಿಂದುಮುಂದಾಗಿ ಬರೆದಿದ್ದೆ. ವಿದ್ಯಾರ್ಥಿನಿಯೊಬ್ಬಳು ಹಾಗೆಯೇ ಮಾಡಿದಳು. ನೀರು ಹಿಂದಕ್ಕೆ ಸೆಳೆದುಕೊಂಡು ಕಾದ ಪ್ರನಾಳ ಸೀಳಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ನಾನು ಅವಳನ್ನು ಎಲ್ಲರೆದುರು ಗದರಿದೆ. ಅವಳು ಅಳುತ್ತ ಗಾಜು ಆರಿಸಿದಳು. ಸಂಜೆ ಹಲಗೆಯತ್ತ ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಸದ್ದಿಲ್ಲದೆ ಒರೆಸಿದೆ. ಮರುದಿನವೂ ಬಾಯಿಬಿಡಲಿಲ್ಲ.

ಅಪಘಾತವಾದೊಡನೆ ನಾವು ಯಂತ್ರವನ್ನೋ ಅದನ್ನು ಹಿಡಿದ ಕೈಯನ್ನೋ ದೂರುತ್ತೇವೆ. ಆ ಕೈಗೆ ಕ್ರಮವನ್ನು ಬರೆದುಕೊಟ್ಟವರ ಕಡೆ ನೋಡುವುದೇ ಇಲ್ಲ. ಬಸ್ಸು ಉರುಳಿದರೂ ಅಷ್ಟೆ, ಮಗು ಅನುತ್ತೀರ್ಣವಾದರೂ ಅಷ್ಟೆ. ಕೈಯ ತಪ್ಪು ಇರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ವಿಚಾರಣೆ ಬರೆದವರಿಂದ ಆರಂಭವಾಗಲಿ. ಬರೆದವರು ತಾವಾಗಿ ಮುಂದೆ ಬಂದರೆ ಇನ್ನೂ ಒಳ್ಳೆಯದು. ಸಾರಸ್‌ನ ತಪ್ಪು ಕಾಗದದ ಮೇಲೆ ದಾಖಲಾಯಿತು. ಸುಧಾರಿಸಿದ ಮಾದರಿ 2018ರ ಜನವರಿ 24ರಂದು ಮತ್ತೆ ಹಾರಿತು. ನನ್ನ ತಪ್ಪು ಒರೆಸುವ ಬಟ್ಟೆಯಲ್ಲೇ ಉಳಿಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಎಂಜಿನಿಯರುಗಳು, ಶಿಕ್ಷಕರು, ಅಧಿಕಾರಿಗಳು. ಬೇರೆಯವರು ನಂಬಿ ನಡೆಯುವ ಸೂಚನೆಗಳನ್ನು ಬರೆಯುವವರು. ಬರೆದುದನ್ನು ಇನ್ನೊಮ್ಮೆ ಓದಿ ನೋಡಿರಪ್ಪಾ. ಆ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಮಾತು: ಅಮ್ಮಾ, ಅಂದು ತಪ್ಪು ನಿನ್ನದಾಗಿರಲಿಲ್ಲ, ನನ್ನದು. ಕ್ಷಮಿಸು.